ಬೆಳೆ ಇದೆ, ಬೆಲೆ ಇಲ್ಲ: ಕೋಡೆಕ್2, ಲೈರಾ, ಓಪಸ್ ಹೋಲಿಕೆ

ಕೋಡೆಕ್2, ಲೈರಾ, ಓಪಸ್ ಮೂರೂ ಮಾತನ್ನು ಕಡಿಮೆ ಬಿಟ್‌ಗಳಿಗೆ ಇಳಿಸಿ ಮತ್ತೆ ಧ್ವನಿಯಾಗಿಸುವ ಕೋಡೆಕ್‌ಗಳು. ಮೂರಕ್ಕೂ ಕೊಟ್ಟ ಪರೀಕ್ಷಾವಾಕ್ಯ ಒಂದೇ: "ಬೆಳೆ ಇದೆ, ಬೆಲೆ ಇಲ್ಲ." ಳ ಮತ್ತು ಲ ಬೇರೆಯಾಗುವುದು ನಾಲಿಗೆ ಮಡಚಿ ಬಿಡುವ ಕೆಲವು ಮಿಲಿಸೆಕೆಂಡುಗಳಲ್ಲಿ. ಬಿಟ್ ಕಡಿಮೆಯಾದಾಗ ಮೊದಲು ಕಳೆದುಹೋಗುವುದೂ ಅದೇ.

ಕೋಡೆಕ್2ರ 1300 ಮೋಡ್ (ಸೆಕೆಂಡಿಗೆ 1300 ಬಿಟ್) 40 ಮಿಲಿಸೆಕೆಂಡಿಗೆ 52 ಬಿಟ್ ಮಾತ್ರ ಕಳಿಸುತ್ತದೆ. ನಡುವಿನ ಧ್ವನಿರೂಪವನ್ನು ಡಿಕೋಡರ್, ಅಂದರೆ ಬಿಟ್‌ಗಳನ್ನು ಮತ್ತೆ ಧ್ವನಿಯಾಗಿಸುವ ಭಾಗ, ಅಂದಾಜಿನಿಂದ ತುಂಬುತ್ತದೆ. ಹಾಗಾಗಿ ಬೇಗ ಮಾತಾಡಿದರೆ ಬೆಳೆ ಬೆಲೆಯಾಗಿ ಕೇಳಿಸುತ್ತದೆ. 3200 ಮೋಡಿನಲ್ಲಿ 20 ಮಿಲಿಸೆಕೆಂಡಿಗೆ 64 ಬಿಟ್ ಇರುವುದರಿಂದ ಪದ ನಿಲ್ಲುತ್ತದೆ, ದನಿ ಮಾತ್ರ ಲೋಹದ ಡಬ್ಬಿಯೊಳಗಿಂದ ಬಂದಂತೆ. ಇದಕ್ಕೆ ಒಂದು ಕ್ಷಣದಲ್ಲಿ ಒಂದೇ ಶ್ರುತಿ ಗೊತ್ತು; ಫ್ಯಾನ್ ಸದ್ದೋ ಇನ್ನೊಬ್ಬರ ಮಾತೋ ಸೇರಿದರೆ ಗುಳುಗುಳು ಎನ್ನುತ್ತದೆ. ಮೊದಲು 100 ಹರ್ಟ್ಸ್ ಕೆಳಗಿನದನ್ನು ಸಾಕ್ಸ್ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಕತ್ತರಿಸಿ, ಮೈಕ್ ಬಾಯಿಗೆ ಹತ್ತಿರ ಹಿಡಿಯಿರಿ.

ಕೋಡೆಕ್2ಗೆ ಕೊಡುವ ಕಡತ 8 ಕಿಲೋಹರ್ಟ್ಸ್, 16 ಬಿಟ್, ಮೋನೋ ರಾ (ಹೆಡರ್ ಇಲ್ಲದ ಕಚ್ಚಾ ಧ್ವನಿ) ಆಗಿರಲೇಬೇಕು. 16 ಕಿಲೋಹರ್ಟ್ಸ್ ಕೊಟ್ಟರೆ ಎನ್‌ಕೋಡರ್ ದೂರುವುದಿಲ್ಲ, ಮಾತು ಅರ್ಧ ವೇಗಕ್ಕೆ ಇಳಿದು ಗಡುಸಾಗುತ್ತದೆ. ಇನ್ನೊಂದು: 52 ಬಿಟ್ ಎಂದರೆ ಆರೂವರೆ ಬೈಟ್, ಕಡತದಲ್ಲಿ ಅದು 7 ಬೈಟ್ ಹಿಡಿಯುತ್ತದೆ. ನಿಮಿಷಕ್ಕೆ 9,750 ಅಲ್ಲ, 10,500 ಬೈಟ್.

ಲೈರಾದ ಎರಡನೇ ಆವೃತ್ತಿಗೂ ಸೆಕೆಂಡಿಗೆ 3200 ಬಿಟ್ ಸಾಕು, ಆದರೆ ಅದು 16 ಕಿಲೋಹರ್ಟ್ಸ್ ಧ್ವನಿ ಕೊಡುತ್ತದೆ. ಸ, ಶ ತಿಳಿಯಾಗಿ ಬೇರೆಯಾಗುತ್ತವೆ, ಉಸಿರೂ ಉಳಿಯುತ್ತದೆ. ಸಹಜತೆಯಲ್ಲಿ ಕೋಡೆಕ್2 ಇದರ ಹತ್ತಿರಕ್ಕೂ ಬರದು. ಆದರೂ ಲೈರಾದಲ್ಲಿ ಧ್ವನಿ ಕಟ್ಟುವ ನರಜಾಲ (ನ್ಯೂರಲ್ ನೆಟ್‌ವರ್ಕ್) ತಪ್ಪಿದಾಗ ಸೊಗಸಾಗಿಯೇ ತಪ್ಪುತ್ತದೆ, ತಪ್ಪಾದದ್ದು ಕೇಳುವವರಿಗೆ ತಿಳಿಯುವುದೇ ಇಲ್ಲ. ದರ, ಫೋನ್ ನಂಬರ್, ಔಷಧಿಯ ಹೆಸರು ಹೇಳುವ ಕಡೆ ಇದು ನಿಜವಾದ ಅಪಾಯ. ಮೂಲ ಗೊತ್ತಿಲ್ಲದವರಿಂದ ಕೇಳಿಸಿ ಬರೆಸಿಯೇ ಪರೀಕ್ಷಿಸಬೇಕು.

ಓಪಸ್ 6 ಕಿಲೋಬಿಟ್‌ನಲ್ಲಿ ಮಂಕು, 9ರಲ್ಲಿ ವೈಡ್‌ಬ್ಯಾಂಡ್ (ಅಗಲ ಆವರ್ತನದ ಧ್ವನಿ) ತೆರೆದುಕೊಳ್ಳುತ್ತದೆ. 2024ರ 1.5 ಆವೃತ್ತಿಯಲ್ಲಿ ನೋಲೇಸ್ ಎಂಬ ನರಜಾಲ ಡಿಕೋಡರ್ ಕಡೆಯಲ್ಲೇ ಮಾತನ್ನು ತಿದ್ದುತ್ತದೆ. ಅದಕ್ಕೆ ಡಿಕೋಡರ್ ಕಾಂಪ್ಲೆಕ್ಸಿಟಿ (ಲೆಕ್ಕಾಚಾರದ ಮಟ್ಟ) ಕನಿಷ್ಠ 7 ಇರಬೇಕು, ಫ್ರೇಮ್ (ಒಮ್ಮೆಗೆ ಕಳಿಸುವ ಮಾತಿನ ತುಂಡು) 20 ಮಿಲಿಸೆಕೆಂಡೇ ಆಗಿರಬೇಕು.

ಇಂಟರ್ನೆಟ್ ಕರೆಯಲ್ಲಿ ಲೆಕ್ಕ ಸಿಕ್ಕುಬೀಳುವುದು ಇಲ್ಲೇ. ಪ್ರತಿ ಪ್ಯಾಕೆಟ್ಟಿಗೆ ಐಪಿ, ಯುಡಿಪಿ, ಆರ್‌ಟಿಪಿ ಹೆಡರ್ (ವಿಳಾಸ, ಕ್ರಮ ಹೇಳುವ ತಲೆಬರಹ) 40 ಬೈಟ್. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಎಂದರೆ ಹೆಡರೇ ಸೆಕೆಂಡಿಗೆ 16 ಕಿಲೋಬಿಟ್. 60 ಮಿಲಿಸೆಕೆಂಡಿಗೆ ಏರಿಸಿದರೆ 5.3 ಕಿಲೋಬಿಟ್‌ಗೆ ಇಳಿಯುತ್ತದೆ, ಆದರೆ ನೋಲೇಸ್ ಕೈಬಿಡುತ್ತದೆ. ಲೈನ್ ತೀರಾ ಸಣ್ಣದಿದ್ದರೆ 60, ಇಲ್ಲದಿದ್ದರೆ 20 ಇಡಿ. ಇಂಥ ಹೆಡರ್ ಹೊರೆಯಿಲ್ಲದ ಎಚ್‌ಎಫ್ (ಶಾರ್ಟ್‌ವೇವ್) ರೇಡಿಯೋದಲ್ಲಿ ಕೋಡೆಕ್2ಗೆ ಅದರದ್ದೇ ಜಾಗವಿದೆ: ಫ್ರೀಡಿವಿ ಎಂಬ ಡಿಜಿಟಲ್ ರೇಡಿಯೋ ಧ್ವನಿ ವ್ಯವಸ್ಥೆಯ 1600 ಮೋಡ್ ಸಾಗಿಸುವುದು ಇದೇ 1300 ಬಿಟ್‌ಗಳನ್ನು.