ಮಿಂಚುವಿನ ತುರಿಕೆ: ಶಾಂಪೂ, ಎಣ್ಣೆ, ಮಾತ್ರೆ, ಇಂಜೆಕ್ಷನ್ – ಯಾವುದು ಎಷ್ಟು ಕೆಲಸ ಮಾಡಿತು?

ರಾತ್ರಿ ಎರಡು ಗಂಟೆಗೆ ಟಪ ಟಪ ಸದ್ದು. ಕೆರೆದುಕೊಳ್ಳುವಾಗ ಹಿಂಗಾಲು ನೆಲಕ್ಕೆ ಬಡಿಯುವ ಸದ್ದು ಅದು. ತುರಿಕೆ ಇರುವ ನಾಯಿಯನ್ನು ಸಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ನಮ್ಮ ಮಿಂಚು ಶಿಹ್ ತ್ಸು ತಳಿಯ ನಾಯಿ. ವಯಸ್ಸು ನಾಲ್ಕು, ತೂಕ 5.5 ಕೆಜಿ. ಒಂದು ವರ್ಷಕ್ಕೂ ಜಾಸ್ತಿ ಕಾಲ ಅವಳಿಗೆ ಒಂದಾದ ಮೇಲೊಂದು ಮದ್ದು ಮಾಡಿದೆವು. ರಾತ್ರಿ ಎಷ್ಟು ಸಲ ಎದ್ದು ಕೆರೆದುಕೊಂಡಳು ಅಂತ ದಿನಾ ಬರೆದಿಟ್ಟೆ. ಶುರುವಿನಲ್ಲಿ ಏಳೆಂಟು ಸಲ. ಈ ಹೋಲಿಕೆಯೆಲ್ಲ ಆ ಲೆಕ್ಕದ ಮೇಲೆ ನಿಂತಿದೆ.

ಮೊದಲು ತಂದದ್ದು ಓಟ್ಸ್ ಶಾಂಪೂ. ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿದ ರಾತ್ರಿ ಎರಡೇ ಸಲ ಎದ್ದಳು. ನನಗೆ ಎಷ್ಟು ಖುಷಿಯಾಯಿತು ಅಂದರೆ ಮರುದಿನ ಇನ್ನೊಂದು ಬಾಟಲಿ ತಂದುಬಿಟ್ಟೆ. ಮೂರನೇ ದಿನಕ್ಕೆ ಮತ್ತೆ ಏಳು. ಒಣಗಿದ ಚರ್ಮಕ್ಕೆ ಇದು ತಂಪು ಕೊಡುತ್ತದೆ, ನಿಜ. ತುರಿಕೆಯ ಕಾರಣವನ್ನು ಮಾತ್ರ ಮುಟ್ಟುವುದಿಲ್ಲ. ಆದರೂ ಮನುಷ್ಯರ ಶಾಂಪೂಗಿಂತ ಎಷ್ಟೋ ಮೇಲು. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ನಾಯಿಯದು ಹಾಗಲ್ಲ. ನಮ್ಮದನ್ನು ಹಾಕಿದರೆ ಅವಕ್ಕೆ ಚರ್ಮ ಇನ್ನೂ ಒಣಗುತ್ತದೆ.

ಆಮೇಲೆ ಯಾರೋ ಹೇಳಿದರು ಅಂತ ಕೊಬ್ಬರಿ ಎಣ್ಣೆ ಹಚ್ಚಿದೆ. ಇದು ನಮಗೆ ಒಗ್ಗಲೇ ಇಲ್ಲ. ಪುಟ್ಟ ನಾಯಿ ತನ್ನ ಮೈಯ ಎಷ್ಟೋ ಭಾಗವನ್ನು ನೆಕ್ಕಬಲ್ಲದು. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗಿ ಭೇದಿಯಾಯಿತು. ಮೊದಲಿಂದಲೂ ಪಂಜದಿಂದ ಹುಳಿಹುಳಿ ವಾಸನೆ ಬರುತ್ತಿತ್ತು, ಅದು ಇನ್ನೂ ಜಾಸ್ತಿಯಾಯಿತು. ಹತ್ತನೇ ದಿನ ನಿಲ್ಲಿಸಿದೆ. ಟೀ ಟ್ರೀ ಎಣ್ಣೆಯನ್ನಂತೂ ದಯವಿಟ್ಟು ಹತ್ತಿರಕ್ಕೂ ತರಬೇಡಿ. ಅದು ನಾಯಿಗೆ ವಿಷ. ಚಿಕ್ಕ ನಾಯಿಗೆ ಕೆಲವೇ ಹನಿ ಸಾಕು ಅಪಾಯವಾಗಲು.

ಆ ವಾಸನೆಯೇ ನಮ್ಮನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಯಿತು. ಅವರು ಬೆರಳ ಸಂದಿಗೆ ಒಂದು ಚೂರು ಸೆಲ್ಲೋಟೇಪ್ ಒತ್ತಿ ತೆಗೆದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಮಲಸೇಜಿಯಾ ಅನ್ನುವ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ತುಂಬಿಕೊಂಡಿತ್ತು. ಜಿಡ್ಡು ಅಂದರೆ ಅದಕ್ಕೆ ಬಲು ಇಷ್ಟವಂತೆ. ನಾನು ಹತ್ತು ದಿನ ಅದಕ್ಕೆ ಎಣ್ಣೆ ಹಚ್ಚಿ ಸಾಕಿದ್ದೆ. ಮನೆಗೆ ಬರುವ ದಾರಿಯುದ್ದಕ್ಕೂ ಮಿಂಚುವಿನ ಮುಖ ನೋಡಲು ಆಗಲಿಲ್ಲ.

ಅವರು ಬರೆದುಕೊಟ್ಟದ್ದು ಬ್ಯಾಕ್ಟೀರಿಯಾ, ಯೀಸ್ಟ್ ಕೊಲ್ಲುವ 2% ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಸೇರಿದ ಶಾಂಪೂ. ವಾರಕ್ಕೆ ಎರಡು ಸಲ. ಓಟ್ಸ್ ಶಾಂಪೂಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇರುವುದು ಹಾಕುವ ಕ್ರಮದಲ್ಲಿ. ನೊರೆ ಹಚ್ಚಿ 10 ನಿಮಿಷ ಬಿಡಲೇಬೇಕು, ಆಗಲೇ ಔಷಧಿ ಕೆಲಸ ಮಾಡುವುದು. ಒದ್ದೆ ಮೈಯಲ್ಲಿ ನಡುಗುವ ಪುಟ್ಟ ನಾಯಿಯನ್ನು 10 ನಿಮಿಷ ಹಿಡಿದಿಡುವುದು ಸುಲಭವಲ್ಲ. ನಾನು ಟವೆಲ್ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಗಡಿಯಾರ ನೋಡುತ್ತಿದ್ದೆ. ಕಣ್ಣಿಗೆ, ಕಿವಿಯೊಳಗೆ ಹೋಗಬಾರದು, ಮುಖಕ್ಕೆ ಬರೀ ಒದ್ದೆ ಬಟ್ಟೆ. ಮೂರು ವಾರದಲ್ಲಿ ವಾಸನೆ ಹೋಯಿತು. ಬೆರಳ ಸಂದಿಯ ಕೆಂಪು ಇಳಿಯಿತು. ರಾತ್ರಿಯ ಲೆಕ್ಕ ನಾಲ್ಕಕ್ಕೆ ಬಂತು. ಶಾಂಪೂಗಳಲ್ಲಿ ನನ್ನ ಓಟು ಇದಕ್ಕೇ. ಆದರೆ ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಇದೆ ಅಂತ ಗೊತ್ತಾದ ಮೇಲೆ ಮಾತ್ರ. ಸುಮ್ನೆ ಹಾಕಿದರೆ ಚರ್ಮ ಒಣಗುತ್ತದೆ.

ನಾಲ್ಕರಲ್ಲೇ ಲೆಕ್ಕ ನಿಂತುಬಿಟ್ಟಿತು. ಬಾಲದ ಬುಡವನ್ನು ಕಚ್ಚಿಕೊಳ್ಳುವುದು ಕಡಿಮೆಯಾಗಲಿಲ್ಲ. ಒಂದು ದಿನ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿದಾಗ ಕರಿ ಪುಡಿ ಬಿತ್ತು. ಅದನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿದರೆ ಕೆಂಗಂದು ಬಣ್ಣ ಬಿಟ್ಟಿತು. ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಒಂದು ಚಿಗಟವೂ ಕಣ್ಣಿಗೆ ಬಿದ್ದಿರಲಿಲ್ಲ. ಅದರ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತ ಸಾಕು. ಈ ಬಾಚಣಿಗೆ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು. ನೀವು ಬೇರೆ ಏನನ್ನೇ ಪ್ರಯತ್ನಿಸುವ ಮುಂಚೆ ಒಂದು ಬಾಚಣಿಗೆ, ಒಂದು ಬಿಳಿ ಕಾಗದ ತೆಗೆದುಕೊಂಡು ಕೂತುಕೊಳ್ಳಿ.

ಚಿಗಟದ ಮಾತ್ರೆಯನ್ನು ತಿಂಗಳಿಗೊಂದರಂತೆ ಮೂರು ತಿಂಗಳು ಕೊಟ್ಟೆವು, ಜೊತೆಗೆ ಹಾಸಿಗೆ ಒಗೆದು, ಮೂಲೆ ಮೂಲೆಗೆ ವ್ಯಾಕ್ಯೂಮ್ ಹಾಕಿದೆವು. ಚಿಗಟದ ಮೊಟ್ಟೆ, ಮರಿಹುಳು, ಗೂಡು ಹೆಚ್ಚಾಗಿ ಇರುವುದು ನಾಯಿಯ ಮೈಮೇಲಲ್ಲ, ಮನೆಯಲ್ಲಿ. ಐಸೊಆಕ್ಸಜೋಲಿನ್ ಅನ್ನುವ ಈ ಗುಂಪಿನ ಮಾತ್ರೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಂದು ಎಚ್ಚರಿಕೆ ಕೊಟ್ಟಿದೆ: ಕೆಲವು ನಾಯಿಗಳಿಗೆ ಫಿಟ್ಸ್ ಬರಬಹುದು. ನಿಮ್ಮ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮಿಂಚುವಿಗೆ ತೊಂದರೆಯಾಗಲಿಲ್ಲ. ಲೆಕ್ಕ ಎರಡಕ್ಕೆ ಇಳಿಯಿತು.

ತುರಿಕೆ ಕೆರಳಿದಾಗ ಕೊಟ್ಟ ಮದ್ದುಗಳದ್ದು ಬೇರೆಯೇ ಕಥೆ. ಅಲರ್ಜಿಗೆ ಕೊಡುವ ಸೆಟಿರಿಜಿನ್‌ನಿಂದ ನಿದ್ದೆ ಸ್ವಲ್ಪ ಜಾಸ್ತಿ ಬಂತು, ತುರಿಕೆ ಇದ್ದಷ್ಟೇ ಇತ್ತು. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟ ಮೊದಲ ರಾತ್ರಿಯೇ ಮನೆ ನಿಶ್ಶಬ್ದ. ಆದರೆ ಅವಳು ಬಟ್ಟಲುಗಟ್ಟಲೆ ನೀರು ಕುಡಿದಳು, ಮನೆಯೊಳಗೇ ಉಚ್ಚೆ ಹೊಯ್ದಳು, ಹೊತ್ತು ಗೊತ್ತಿಲ್ಲದೆ ಊಟ ಕೇಳಿದಳು. ಇದನ್ನು ಇದ್ದಕ್ಕಿದ್ದಂತೆ ನಿಲ್ಲಿಸುವ ಹಾಗೂ ಇಲ್ಲ, ಮೆಲ್ಲಗೆ ಇಳಿಸಬೇಕು. ಮುಂದಿನ ಸಲ ಒಕ್ಲಾಸಿಟಿನಿಬ್ ಅನ್ನುವ ತುರಿಕೆಯ ಮಾತ್ರೆ ಕೊಟ್ಟರು. ಅದೂ ಅದೇ ದಿನ ಕೆಲಸ ಮಾಡಿತು, ಆ ಬಾಯಾರಿಕೆ ಇಲ್ಲದೆ. ಒಂದು ವರ್ಷ ತುಂಬದ ನಾಯಿಗೆ ಇದನ್ನು ಕೊಡುವುದಿಲ್ಲ. ಜೋರು ಸೋಂಕು ಇದ್ದಾಗಲೂ ಕೊಡುವುದಿಲ್ಲ. ಲೋಕಿವೆಟ್‌ಮ್ಯಾಬ್ ಇಂಜೆಕ್ಷನ್ ಒಂದು ಸಲ ಹಾಕಿಸಿದಾಗ ಐದು ವಾರ ನೆಮ್ಮದಿ. ಮಾತ್ರೆ ಉಗುಳುವ ನಾಯಿಯಾದರೆ ನಾನು ಇಂಜೆಕ್ಷನ್ನನ್ನೇ ಆರಿಸುತ್ತೇನೆ. ಮಿಂಚು ಮಾತ್ರೆ ನುಂಗುತ್ತಾಳೆ, ಹಾಗಾಗಿ ನಮಗೆ ಒಕ್ಲಾಸಿಟಿನಿಬ್.

ಮೀನೆಣ್ಣೆಯನ್ನೂ ಮೂರು ತಿಂಗಳು ಕೊಟ್ಟೆ. ಕೂದಲು ರೇಷ್ಮೆಯಾಯಿತು. ರಾತ್ರಿಯ ಲೆಕ್ಕ ಕದಲಲಿಲ್ಲ.

ಇಷ್ಟಾದರೂ ಹೊಟ್ಟೆಯ ಕೆಳಗೆ, ಕಿವಿಯಲ್ಲಿ ವರ್ಷವಿಡೀ ಸ್ವಲ್ಪ ಕೆಂಪು ಇದ್ದೇ ಇದೆ. ಹಾಗಾಗಿ ಡಾಕ್ಟರು ಈಗ ಆಹಾರದ ಪರೀಕ್ಷೆ ಮಾಡಿಸುತ್ತಿದ್ದಾರೆ. ಎಂಟು ವಾರ ಒಂದೇ ಬಗೆಯ ವಿಶೇಷ ಆಹಾರ, ಬೇರೆ ಒಂದು ತುಣುಕೂ ಕೊಡುವಂತಿಲ್ಲ. ಚಿಗಟದ ಮಾತ್ರೆಗೂ ಮಾಂಸದ ರುಚಿ ಸೇರಿಸಿರುತ್ತಾರೆ. ಅದಕ್ಕೇ ಸದ್ಯಕ್ಕೆ ಅದರ ಬದಲು ಕತ್ತಿನ ಹಿಂದೆ ಹಾಕುವ ಹನಿ ಔಷಧಿ. ಆಮೇಲೆ ಹಳೆಯ ಆಹಾರ ಮತ್ತೆ ಕೊಟ್ಟು, ತುರಿಕೆ ಮರಳಿ ಬರುತ್ತದಾ ನೋಡಬೇಕು. ಈಗ ಐದನೇ ವಾರ. ನಿನ್ನೆ ರಾತ್ರಿ ಒಂದೇ ಸಲ ಎದ್ದಳು.