ಬ್ರೇಕಿಯಲ್ ಪ್ಲೆಕ್ಸಸ್ ಕಲಿಯೋಕೆ ವಿಡಿಯೊನಾ, 3ಡಿ ಆ್ಯಪಾ, ಆ್ಯಂಕಿನಾ?

ಎಂಬಿಬಿಎಸ್ ಮೊದಲ ವರ್ಷದಲ್ಲಿ ಬಹುತೇಕ ಎಲ್ಲರೂ ಒಮ್ಮೆ ಬೆವರುವ ಪಾಠ ಬ್ರೇಕಿಯಲ್ ಪ್ಲೆಕ್ಸಸ್. ಕುತ್ತಿಗೆಯಿಂದ ಹೊರಟು ಕಂಕುಳಿನ ಮೂಲಕ ಕೈಗೆ ಇಳಿಯುವ ನರಗಳ ಜಾಲ. ಬೆನ್ನುಹುರಿಯಿಂದ ಹೊರಡುವ ಕುತ್ತಿಗೆಯ ಐದನೇ ನರದಿಂದ (ಸಿ5) ಎದೆಯ ಮೊದಲ ನರದವರೆಗೆ (ಟಿ1) 5 ಬೇರು, 3 ಟ್ರಂಕ್, 6 ಡಿವಿಷನ್, 3 ಕಾರ್ಡ್, ಕೊನೆಗೆ 5 ಕೊಂಬೆ. ಸೇರುತ್ತವೆ, ಒಡೆಯುತ್ತವೆ, ಮತ್ತೆ ಸೇರುತ್ತವೆ. ಹಾಸ್ಟೆಲ್‌ನಲ್ಲಿ ಒಬ್ಬೊಬ್ಬ ಸೀನಿಯರ್ ಒಂದೊಂದು ಆ್ಯಪ್ ಹೇಳಿದರು. ಸರಿ, ಇದೊಂದೇ ಪಾಠಕ್ಕೆ ವಿಡಿಯೊ, 3ಡಿ ಆ್ಯಪ್, ಪ್ರಶ್ನೆ ಕೇಳುವ ಕಾರ್ಡ್ ಆ್ಯಪ್ ಆದ ಆ್ಯಂಕಿ, ಈ ಮೂರನ್ನೂ ಬಳಸಿ ನೋಡಿದೆ.

ಮೊದಲು ವಿಡಿಯೊ ಪಾಠ. ಅಕ್ಕನ ಹತ್ತಿರ ದುಡ್ಡು ಕೇಳಿ ಚಂದಾ ಕಟ್ಟಿದ್ದೆ. ಮೇಷ್ಟ್ರು ಒಂದೊಂದೇ ಗೆರೆ ಎಳೆಯುತ್ತಾ ವಿವರಿಸುವುದು ಚೆನ್ನಾಗಿತ್ತು. ಆದರೆ ಮಧ್ಯೆ ಮಧ್ಯೆ ಹಿಂದಿ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಜೋಕು ಹೋಗಲಿ, ಕೆಲವು ಕಡೆ ಪಾಠವೇ ತಪ್ಪಿಹೋಯಿತು. ಅದಕ್ಕಿಂತ ದೊಡ್ಡ ತೊಂದರೆ ನನ್ನದೇ. ಎರಡು ಪಟ್ಟು ವೇಗದಲ್ಲಿ ಓಡಿಸಿಕೊಂಡು ನೋಡಿದೆ. ನೋಡುವಾಗ ಎಲ್ಲ ಅರ್ಥವಾದ ಹಾಗೇ ಇತ್ತು. ಬೆಳಿಗ್ಗೆ ಎದ್ದು ಖಾಲಿ ಹಾಳೆಯ ಮೇಲೆ ಬಿಡಿಸಲು ಕೂತರೆ ಡಿವಿಷನ್‌ನಲ್ಲೇ ಸಿಕ್ಕಿಹಾಕಿಕೊಂಡೆ.

3ಡಿ ಆ್ಯಪ್ ತೆರೆದಾಗ ನಿಜಕ್ಕೂ ಖುಷಿಯಾಯಿತು. ಕಾರ್ಡ್‌ಗಳಿಗೆ ಲ್ಯಾಟರಲ್ (ಹೊರಬದಿ), ಮೀಡಿಯಲ್ (ಒಳಬದಿ), ಪೋಸ್ಟೀರಿಯರ್ (ಹಿಂಬದಿ) ಅಂತ ಹೆಸರು ಬಂದಿರುವುದು ಕಂಕುಳಿನ ಅಪಧಮನಿಯ ಯಾವ ಬದಿಗೆ ಅವು ಇವೆ ಅನ್ನುವುದರಿಂದ. ಪುಸ್ತಕದಲ್ಲಿ ಇದನ್ನು ಹತ್ತು ಸಲ ಓದಿದ್ದೆ. ಬೆರಳಲ್ಲಿ ತಿರುಗಿಸಿ, ಎದೆಯ ಸ್ನಾಯು ತೆಗೆದು, ಹಿಂದಿನಿಂದ ನೋಡಿದಾಗ ಮಾತ್ರ ತಲೆಗೆ ಹೋಯಿತು. ಫೋನ್ ಮಾತ್ರ ಇಸ್ತ್ರಿಪೆಟ್ಟಿಗೆಯಂತೆ ಬಿಸಿಯಾಗುತ್ತಿತ್ತು.

ಮರುದಿನ ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್. ಆ್ಯಪಿನಲ್ಲಿ ನರ ಹಳದಿ, ಅಪಧಮನಿ ಕೆಂಪು, ಅಭಿಧಮನಿ ನೀಲಿ. ಟೇಬಲ್ ಮೇಲೆ ಎಲ್ಲವೂ ಒಂದೇ ಮಾಸಲು ಕಂದು, ಮೇಲೆ ಕೊಬ್ಬು, ಕಣ್ಣುರಿಸುವ ಫಾರ್ಮಾಲಿನ್ ವಾಸನೆ. ಎರಡು ದಿನ ಫೋರ್ಸೆಪ್ಸ್ ಹಿಡಿದು ಕೊಬ್ಬು ಬಿಡಿಸಿ, ‘ಮೇಡಂ, ಅಲ್ನಾರ್ ನರ’ ಅಂತ ಹೆಮ್ಮೆಯಿಂದ ತೋರಿಸಿದೆ. ‘ಬೆರಳಲ್ಲಿ ಹಿಸುಕಿ ನೋಡಮ್ಮ’ ಅಂದರು. ನರ ದಾರದ ಹಾಗೆ ಗಟ್ಟಿ. ನನ್ನದು ಚಪ್ಪಟೆಯಾಯಿತು. ಅಭಿಧಮನಿ! ಇನ್ನೊಂದು ಸಂಗತಿ: ನಮ್ಮ ಟೇಬಲ್‌ನಲ್ಲಿ ಮಸ್ಕ್ಯುಲೋಕ್ಯುಟೇನಿಯಸ್ ನರದಿಂದ ಮೀಡಿಯನ್ ನರಕ್ಕೆ ಒಂದು ಎಳೆ ಹೋಗಿತ್ತು. ಇಂಥ ವ್ಯತ್ಯಾಸ ಆಗಾಗ ಸಿಗುತ್ತದಂತೆ. ಪಕ್ಕದ ಟೇಬಲ್‌ನವರೆಲ್ಲ ಬಂದು ನೋಡಿದರು. ಆ್ಯಪಿನಲ್ಲಿ ಅದು ಇಲ್ಲ. ಕಂಪ್ಯೂಟರಿನ ದೇಹದ ಮಿತಿಯೇ ಅದು. 1994ರಲ್ಲಿ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ‘ವಿಸಿಬಲ್ ಹ್ಯೂಮನ್’ ಯೋಜನೆಯಲ್ಲಿ ಒಬ್ಬ ಗಂಡಸಿನ ದೇಹವನ್ನು ಹೆಪ್ಪುಗಟ್ಟಿಸಿ, 1 ಮಿಲಿಮೀಟರ್ ಅಂತರದಲ್ಲಿ ಕೊಯ್ದು ತೆಗೆದ ಚಿತ್ರಗಳನ್ನು ಹೊರತಂದಿತು. ಎಷ್ಟೇ ತೆಳುವಾಗಿ ಕೊಯ್ದರೂ ಅದು ಒಬ್ಬರ ದೇಹ ಅಷ್ಟೇ ಅಲ್ವಾ?

ಇನ್ನು ಆ್ಯಂಕಿ. ಕಂಪ್ಯೂಟರ್‌ನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ, ಐಫೋನ್‌ಗೆ ದುಡ್ಡು ಕೊಡಬೇಕು. (ನರದ ಕಾರ್ಡ್ ಬೇರೆ, ಆ್ಯಂಕಿಯ ಕಾರ್ಡ್ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಏನು ಮಾಡೋಣ.) ಎಬ್ಬಿಂಗ್‌ಹೌಸ್ 1885ರಲ್ಲೇ ಅರ್ಥವಿಲ್ಲದ ಪದಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಎಷ್ಟು ಬೇಗ ಬರುತ್ತದೆಂದು ಅಳೆದು ಪ್ರಕಟಿಸಿದ್ದ. ಆ್ಯಂಕಿ ನಂಬಿರುವುದು ಇದನ್ನೇ: ಮರೆಯುವ ಹೊತ್ತಿಗೆ ಮತ್ತೆ ಕೇಳು. ನಾನು ಮೊದಲು ಮಾಡಿದ್ದು ಪೆದ್ದುತನ. ಅಮೆರಿಕದ ವಿದ್ಯಾರ್ಥಿಗಳ ಸಾವಿರಾರು ಕಾರ್ಡಿನ ಡೆಕ್ ಇಳಿಸಿಕೊಂಡೆ. ವಾರದಲ್ಲೇ 800 ರಿವ್ಯೂ ಬಾಕಿ. ಅಳಿಸಿ, ನನ್ನದೇ 40 ಕಾರ್ಡ್ ಮಾಡಿದೆ. ಚಿತ್ರದಲ್ಲಿ ಹೆಸರುಗಳನ್ನು ಮುಚ್ಚಿ, ಒಂದೊಂದನ್ನೇ ಕೇಳುವಂತೆ. ಕಾರ್ಡ್ ಮಾಡುವಾಗಲೇ ಅರ್ಧ ಕಲಿತಿದ್ದೆ. ಉಳಿದದ್ದು ಸಿಟಿ ಬಸ್‌ನಲ್ಲಿ, ಮೆಸ್ ಕ್ಯೂನಲ್ಲಿ.

ವೈವಾದಲ್ಲಿ (ಮೌಖಿಕ ಪರೀಕ್ಷೆ) ಸರ್ ಕೇಳಿದರು: ‘ಮಣಿಕಟ್ಟು ಜೋತು ಬಿದ್ದಿದೆ. ಯಾವ ನರ?’ ರೇಡಿಯಲ್ ಅಂತ ಬಾಯಿಗೆ ತಾನಾಗಿ ಬಂತು. ಅದು ಆ್ಯಂಕಿ. ‘ಊರುಗೋಲು ಕಂಕುಳಿಗೆ ಒತ್ತಿದರೆ ಯಾಕೆ ಹೀಗಾಗುತ್ತೆ?’ ಇದಕ್ಕೆ ನನ್ನ ಹತ್ತಿರ ಕಾರ್ಡ್ ಇರಲಿಲ್ಲ. ಕಣ್ಣು ಮುಚ್ಚಿದೆ. ಪೋಸ್ಟೀರಿಯರ್ ಕಾರ್ಡಿನಿಂದ ಹೊರಟು ಕಂಕುಳಲ್ಲಿ ಹಾದುಹೋಗುವ ಆ ದಪ್ಪ ನರ ಕಂಡಿತು, ನಮ್ಮ ಟೇಬಲ್ ಮೇಲಿದ್ದ ಅದೇ ಕಂದು ಬಣ್ಣದಲ್ಲಿ.

ಆಮೇಲೆ ನನ್ನ ಕ್ರಮ ಬದಲಾಯಿತು. ಡಿಸೆಕ್ಷನ್‌ಗೆ ಹೋಗುವ ಮುಂಚೆ 20 ನಿಮಿಷ 3ಡಿ, ಸಂಜೆ ಆ್ಯಂಕಿ ಕಾರ್ಡ್. ವಿಡಿಯೊ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮಾತ್ರ. ಅದೂ ಮಾಮೂಲಿ ವೇಗದಲ್ಲಿ, ಪೆನ್ನು ಹಿಡಿದು. ಚಂದಾ ಮುಗಿದಾಗ ಮತ್ತೆ ಕಟ್ಟಲಿಲ್ಲ. 3ಡಿಗೂ ದುಡ್ಡು ಹಾಕಬೇಕಾಗಿಲ್ಲ, ಝಡ್-ಅನಾಟಮಿ ಅಂತ ಉಚಿತವಾದದ್ದೊಂದಿದೆ. ಅಕ್ಕನ ಸಾಲ ಇನ್ನೂ ತೀರಿಲ್ಲ.