ಮಣ್ಣಿನ ಸಾವಯವ ಅಂಶ: ಡೈಕ್ರೋಮೇಟ್ ವಿಧಾನವೋ, ಸುಡುವ ವಿಧಾನವೋ?

ಚಿಕ್ಕಮಗಳೂರಿನ ಕಾಫಿ ತೋಟಗಳ ಕೆಂಪು ಮಣ್ಣಿಗೆ ವಾಕ್ಲಿ–ಬ್ಲ್ಯಾಕ್ ಎಂಬ ಡೈಕ್ರೋಮೇಟ್ ವಿಧಾನವೇ ಸೂಕ್ತವೆಂಬುದು ನನ್ನ ಅಭಿಪ್ರಾಯ. 1934ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ಒಂದು ಗ್ರಾಂ ಮಣ್ಣಿಗೆ 10 ಮಿಲಿ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣವನ್ನೂ 20 ಮಿಲಿ ಸಾಂದ್ರ ಗಂಧಕಾಮ್ಲವನ್ನೂ ಬೆರೆಸಿ, ಅರ್ಧ ಗಂಟೆಯ ನಂತರ ಉಳಿದ ಡೈಕ್ರೋಮೇಟನ್ನು ಫೆರಸ್ ಅಮೋನಿಯಂ ಸಲ್ಫೇಟಿನಿಂದ ಅಳೆಯುತ್ತಾರೆ. ಡೈಕ್ರೋಮೇಟ್ ಮಣ್ಣಿನ ಸಾವಯವ ಇಂಗಾಲವನ್ನು ಉತ್ಕರ್ಷಿಸುತ್ತಾ ಖರ್ಚಾಗುವುದರಿಂದ, ಖರ್ಚಾದ ಪ್ರಮಾಣದಿಂದ ಇಂಗಾಲದ ಲೆಕ್ಕ ಸಿಗುತ್ತದೆ. ಡೈಫಿನೈಲಮೀನ್ ಸೂಚಕದ ನೀಲಿ ಬಣ್ಣ ಒಂದೇ ಹನಿಗೆ ಹಸಿರಾಗುವ ಕ್ಷಣವನ್ನು ಕಣ್ಣಲ್ಲಿ ಕಣ್ಣಿಟ್ಟು ಹಿಡಿಯಬೇಕು. ಇಂಗಾಲದ ಶೇಕಡಾ 77ರಷ್ಟು ಮಾತ್ರ ಉತ್ಕರ್ಷಣಗೊಳ್ಳುತ್ತದೆಂದು ಭಾವಿಸಿ ಫಲಿತಾಂಶವನ್ನು 1.3ರಿಂದ ಗುಣಿಸುವುದು ರೂಢಿಯಾದರೂ, ಈ ಪ್ರಮಾಣ ಮಣ್ಣಿನಿಂದ ಮಣ್ಣಿಗೆ ಬದಲಾಗುತ್ತದೆ. ಉಳಿಯುವ ಕ್ರೋಮಿಯಂ ವಿಷಕಾರಿಯಾದ್ದರಿಂದ ಅದನ್ನು ಚರಂಡಿಗೆ ಸುರಿಯಲೇಬಾರದು.

ಸುಡುವ ವಿಧಾನಕ್ಕೆ ರಾಸಾಯನಿಕ ಬೇಡ. 105 ಡಿಗ್ರಿಯಲ್ಲಿ ಒಣಗಿಸಿದ ಮಣ್ಣನ್ನು ಕುಲುಮೆಯಲ್ಲಿ ಸುಮಾರು 550 ಡಿಗ್ರಿಗೆ ಕಾಯಿಸಿ, ಕಳೆದ ತೂಕವನ್ನು ಸಾವಯವ ಅಂಶವೆಂದು ಎಣಿಸುತ್ತಾರೆ. ಆದರೆ ಆ ಶಾಖಕ್ಕೆ ಕಯೋಲಿನೈಟ್ ಜೇಡಿಯೂ ಕಬ್ಬಿಣ, ಅಲ್ಯೂಮಿನಿಯಂ ಹೈಡ್ರಾಕ್ಸೈಡುಗಳೂ ತಮ್ಮೊಳಗೆ ಬಂಧಿತವಾದ ನೀರನ್ನು ಬಿಟ್ಟುಕೊಡುವುದರಿಂದ, ಮಲೆನಾಡಿನ ಮಣ್ಣಿನಲ್ಲಿ ಅಂಕಿ ಇರುವುದಕ್ಕಿಂತ ಹೆಚ್ಚಾಗಿಯೇ ಬರುತ್ತದೆ.

ಸೈಬೀರಿಯಾ, ಅಲಾಸ್ಕಾಗಳ ಶೀತಪ್ರದೇಶದಲ್ಲಿ ಆಯ್ಕೆ ತಿರುವುಮುರುವಾಗುತ್ತದೆ. ಅಲ್ಲಿನ ಪೀಟ್ ಮಣ್ಣು ಅರೆಕೊಳೆತ ಪಾಚಿ, ಬೇರುಗಳಿಂದಲೇ ತುಂಬಿದ್ದು ಜೇಡಿ ಕಡಿಮೆ. ಒಂದು ಗ್ರಾಂ ಹಾಕಿದರೆ ಡೈಕ್ರೋಮೇಟ್ ಪೂರ್ತಿ ಮುಗಿದುಹೋಗುತ್ತದೆ. ನೀರು ನಿಂತ ಪದರಗಳ ಫೆರಸ್ ಕಬ್ಬಿಣವೂ ಡೈಕ್ರೋಮೇಟನ್ನು ಬಳಸಿಕೊಂಡು ಇಂಗಾಲವನ್ನು ಹೆಚ್ಚಾಗಿ ತೋರಿಸುತ್ತದೆ. ಅಲ್ಲಿ ಸುಡುವುದೇ ಸರಿ.

ಎರಡಕ್ಕಿಂತಲೂ ನಿಖರವಾದದ್ದು ಇಂಗಾಲವನ್ನು ನೇರವಾಗಿ ಅಳೆಯುವ ಧಾತು ವಿಶ್ಲೇಷಕ ಯಂತ್ರ, ಬೆಲೆ ಮಾತ್ರ ದುಬಾರಿ. ತೋಟಕ್ಕೆ ಸುಣ್ಣ ಹಾಕಿದ್ದರೆ ಅದರ ಕಾರ್ಬೊನೇಟನ್ನು ಆಮ್ಲದಿಂದ ತೆಗೆದ ಮೇಲೆಯೇ ಯಂತ್ರಕ್ಕೆ ಕೊಡಬೇಕು. ಬಾಬಾಬುಡನ್‌ಗಿರಿಯ ಶೋಲಾ ಕಾಡಿನ (ಬೆಟ್ಟದ ಕಣಿವೆಗಳ ನಿತ್ಯಹಸಿರು ಕಾಡಿನ) ಸಾವಯವ ಅಂಶ ಹೆಚ್ಚಿರುವ ಕಪ್ಪು ಮೇಲ್ಮಣ್ಣಿಗೆ ಡೈಕ್ರೋಮೇಟ್ ಬಳಸುವವರು ಮಾದರಿಯನ್ನು ಕಾಲು ಗ್ರಾಮಿಗೆ ಇಳಿಸಿಕೊಳ್ಳುವುದು ಕ್ಷೇಮ.